ನೆನೆಸಿದ ಟೈಲು

ಬಿದ್ದ ಟೈಲಿನ ಬೆನ್ನು ಇಷ್ಟು ಸ್ವಚ್ಛವಾಗಿ ಇರಬಾರದಿತ್ತು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಹೆಬ್ಬೆರಳಿನಿಂದ ಒಮ್ಮೆ ಸವರಿದ. ಈಗ ತಾನೇ ಡಬ್ಬದಿಂದ ತೆಗೆದ ಹಾಗಿತ್ತು. ಅಂಟಿನ ಒಂದು ಚೂರೂ ಅದಕ್ಕೆ ಹತ್ತಿರಲಿಲ್ಲ. ಗೋಡೆಯ ಮೇಲಾದರೋ ಎರಡು ತಿಂಗಳ ಹಿಂದೆ ಅವನು ಹಲ್ಲಿನ ಕರಣೆಯಿಂದ ಎಳೆದ ಅಂಟಿನ ಗೆರೆಗಳು ಒಂದೂ ಮುಕ್ಕಾಗದೆ, ಬಾಚಿದ ಕೂದಲಿನ ಹಾಗೆ, ಸಾಲಾಗಿ ನಿಂತಿದ್ದವು. ಅಂಟು ಗೋಡೆಯನ್ನು ಬಿಟ್ಟಿರಲಿಲ್ಲ. ಬಿಟ್ಟಿದ್ದು ಟೈಲನ್ನು ಮಾತ್ರ. ಮೂವತ್ತೈದು ವರ್ಷ ಟೈಲ್ಸ್ ಕೆಲಸ ಮಾಡಿದವನಿಗೆ ಇದನ್ನು ತಿಳಿಯಲು ಕನ್ನಡಕ ಬೇಕಿರಲಿಲ್ಲ. ಆದರೂ ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ, ಯಾಕೆಂದರೆ ಬಚ್ಚಲುಮನೆಯ ಬಾಗಿಲಲ್ಲಿ ಅಕ್ಕನ ಮಗ ನಿಂತಿದ್ದ, ಪರೀಕ್ಷೆ ಮಾಡುತ್ತಿರುವ ಹಾಗಾದರೂ ಕಾಣಬೇಕಿತ್ತು.

"ಏನನ್ಸುತ್ತೆ ಮಾವ?"

"ನೋಡ್ಬೇಕಪ್ಪಾ."

"ನಿಧಾನವಾಗಿ ನೋಡಿ, ಅವಸರ ಏನಿಲ್ಲ. ಹತ್ತು ಗಂಟೆಗೆ ಗಮ್ ಕಂಪನಿಯವರೊಬ್ರು ಬರ್ತಾರೆ. ನಿಮ್ಮ ಮೇಲೆ ಅನುಮಾನ ಅಂತಲ್ಲ ಮಾವ, ಸುಮ್ನೆ ಅವರೂ ಒಂದ್ಸಲ ನೋಡ್ಲಿ ಅಂತ."

ಅವನು ತಲೆಯಾಡಿಸಿದ. ಹುಡುಗ ಒಂದು ಸಲ ಗದರಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈ ಮನೆಯಲ್ಲಿ ಯಾರೂ ಗದರುವುದಿಲ್ಲ. ಮಂಗಳವಾರ ಹನ್ನೊಂದು ಟೈಲು ಒಂದರ ಹಿಂದೊಂದು ಕಳಚಿ ಬಿದ್ದಾಗಲೂ ಅಕ್ಕನ ಸೊಸೆ ಫೋನಿನಲ್ಲಿ, "ಮಾವ, ಟೈಲ್ಸ್ ಸ್ವಲ್ಪ ಸಡಿಲ ಆಗಿದೆ, ಬಿಡುವಾದಾಗ ಬನ್ನಿ" ಎಂದಿದ್ದಳು. ಸ್ವಲ್ಪ ಸಡಿಲ! ಬಂದು ನೋಡಿದರೆ ಕಿಟಕಿಯ ಕೆಳಗಿನ ಗೋಡೆ ಅರ್ಧ ಬೋಳಾಗಿತ್ತು. ಬಿದ್ದ ಟೈಲುಗಳನ್ನು ಅವಳು ಮನೆಯೊಳಗಿನ ಓಣಿಯಲ್ಲಿ ಒಟ್ಟಿ, ಬಂದವರ ಕಣ್ಣಿಗೆ ಬೀಳದಿರಲೆಂದು ಮೇಲೆ ಪತ್ರಿಕೆ ಹೊದಿಸಿದ್ದಳು. ಆ ಪತ್ರಿಕೆಯನ್ನು ನೋಡಿದಾಗ ಅವನಿಗೆ ತನ್ನ ಮಾನವನ್ನೇ ಮುಚ್ಚಿಟ್ಟ ಹಾಗೆ ಅನ್ನಿಸಿ ಕಿವಿ ಬಿಸಿಯಾಗಿತ್ತು. ಒಂದು ಟೈಲು ಅಕ್ಕನ ಪಾದದ ಮೇಲೆ ಬಿದ್ದಿತ್ತು. ಬೆಳಗ್ಗೆ ಬಂದೊಡನೆ ಅವನ ಕಣ್ಣು ಹೋದದ್ದು ಆ ಪಾದದ ಬಿಳಿ ಪಟ್ಟಿಯ ಕಡೆಗೇ. "ಏನೂ ಆಗಿಲ್ಲ ಕಣೋ ಗುಂಡು. ನೀನು ಹಾಕಿದ್ದು ತಾನೇ, ನನ್ನ ಗುರುತು ಹಿಡಿದು ಮೆತ್ತಗೇ ಬಿತ್ತು," ಎಂದು ಅಕ್ಕ ನಕ್ಕಿದ್ದಳು. ಚಿಕ್ಕವನಿದ್ದಾಗ ಅವನು ಉರುಟಾಗಿ, ಕೂರಿಸಿದಲ್ಲೇ ಕೂರುತ್ತಿದ್ದನೆಂದು ಅಪ್ಪ ತೂಕದ ಗುಂಡು ಎಂದು ಕರೆದಿದ್ದ. ಈಗ ಐವತ್ತಾರು ವಯಸ್ಸು, ಒಣ ಕಡ್ಡಿಯ ಹಾಗಿದ್ದಾನೆ; ಆದರೂ ಅಕ್ಕನ ಬಾಯಲ್ಲಿ ಅವನಿನ್ನೂ ಗುಂಡು.

ಹತ್ತು ಗಂಟೆಗೆ ಇನ್ನೂ ಅರ್ಧ ತಾಸಿತ್ತು. ಗೋಡೆಯಲ್ಲಿ ಧೂಳು ಉಳಿದಿತ್ತೇ? ಇಲ್ಲ, ಅವನೇ ಬ್ರಷ್ಷಿನಿಂದ ಉಜ್ಜಿದ್ದ. ಧೂಳಿದ್ದರೆ ಅಂಟೂ ಗೋಡೆಯಿಂದ ಎದ್ದು ಬರುತ್ತಿತ್ತು. ಅಂಟಿನ ಪುಡಿ ಹಳೆಯದೇ? ಹಳೆಯದಾಗಿರಲಿ ದೇವರೇ ಎಂದು ಅವನು ಓಣಿಯ ಮೂಲೆಯಲ್ಲಿ ಮಡಿಚಿಟ್ಟಿದ್ದ ಖಾಲಿ ಚೀಲ ಬಿಡಿಸಿ ತಾರೀಕು ನೋಡಿದ; ಇನ್ನೂ ಐದು ತಿಂಗಳು ಬಾಳಿಕೆ ಇತ್ತು. ಬಿಸಿಲಿಗೆ ಬೇಗ ಒಣಗಿತೇ? ಗೋಡೆಗೆ ಬಳಿದ ಅಂಟಿಗೆ ಇಪ್ಪತ್ತು ನಿಮಿಷದಲ್ಲಿ ಹಾಲಿನ ಕೆನೆಯಂತೆ ತೆಳ್ಳಗೆ ಪೊರೆ ಕಟ್ಟುತ್ತದೆ, ಆಮೇಲೆ ಅಂಟಿಸಿದರೆ ಹಿಡಿಯುವುದಿಲ್ಲ. ಆದರೆ ಅವತ್ತು ಮೋಡ ಮುಚ್ಚಿತ್ತು, ಅವನು ಒಂದೊಂದು ಮೊಳದಷ್ಟೇ ಬಳಿದು ಅಂಟಿಸಿದ್ದ. ಹೀಗೆ ಒಂದೊಂದೇ ನೆಪ ಅವನ ಕೈಯಿಂದ ಜಾರಿತು. ಕೊನೆಗೆ ಹಿತ್ತಿಲಿನ ಆ ನೀಲಿ ಟಬ್ಬು ಮಾತ್ರ ಉಳಿಯಿತು. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಅವನು ಅದರ ಸುತ್ತ ಕಣ್ಣು ತಪ್ಪಿಸಿಕೊಂಡು ತಿರುಗಾಡುತ್ತಿದ್ದ, ಅಷ್ಟೆ.

ಎರಡು ತಿಂಗಳ ಹಿಂದೆ, ಕೆಲಸದ ಮೊದಲ ದಿನ, ಒಂಬತ್ತು ಗಂಟೆಗೆ ಚೀಲ ಹೆಗಲಿಗೇರಿಸಿ ಬಂದಾಗ ಅಕ್ಕ ಹಿತ್ತಿಲಿನಲ್ಲಿ ಮೋಟು ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಟಬ್ಬು, ಅದರ ತುಂಬ ನೀರು, ನೀರಿನಲ್ಲಿ ಒಂದಕ್ಕೊಂದು ತಾಗದಂತೆ ಅಂಚಿನ ಮೇಲೆ ನಿಲ್ಲಿಸಿದ ಟೈಲುಗಳು. ಅವಳ ತೋಳು ಮೊಣಕೈವರೆಗೆ ಒದ್ದೆ, ಬೆರಳುಗಳ ತುದಿ ಬಿಳುಚಿ ಸುಕ್ಕಾಗಿತ್ತು. "ಐದಕ್ಕೇ ಎದ್ದು ನೆನೆಸಿದೀನಿ ಕಣೋ. ಗುಳ್ಳೆ ಪೂರ್ತಿ ನಿಂತಿದೆ ನೋಡು," ಎಂದಳು. ಒಣ ಟೈಲು ನೀರಿಗಿಳಿದರೆ ಸಣ್ಣ ಸಣ್ಣ ಗುಳ್ಳೆ ಬಿಡುತ್ತದೆ. ಗುಳ್ಳೆ ನಿಂತಾಗ ಅದರ ಹೊಟ್ಟೆ ತುಂಬಿತು ಎಂದು ಲೆಕ್ಕ. ಅಪ್ಪನ ಕಾಲದಲ್ಲಿ ಟೈಲು ಕೂರಿಸುತ್ತಿದ್ದದ್ದು ಸಿಮೆಂಟಿನಲ್ಲಿ. ಒಣ ಟೈಲು ಸಿಮೆಂಟಿನ ನೀರನ್ನೆಲ್ಲ ಕುಡಿದುಬಿಡುತ್ತಿತ್ತು, ಅದಕ್ಕೆ ಹಿಂದಿನ ದಿನವೇ ನೆನೆಸಬೇಕಿತ್ತು. ಅಮ್ಮ ಹೋದ ಮೇಲೆ ಆ ಕೆಲಸ ಅಕ್ಕನ ಪಾಲಿಗೆ ಬಂತು. ಹನ್ನೊಂದು ವರ್ಷದವಳು, ಶಾಲೆ ಬಿಟ್ಟು, ಮುಖವನ್ನು ನೀರಿನ ಹತ್ತಿರ ತಂದು ಉಸಿರು ಬಿಗಿಹಿಡಿದು ಗುಳ್ಳೆ ನೋಡುತ್ತಿದ್ದಳು. ಅಪ್ಪ ದೂರದಿಂದಲೇ "ಆಯ್ತೇನೇ?" ಎಂದು ಕೂಗುವನು. "ಇನ್ನೂ ನಾಲ್ಕು ಗುಳ್ಳೆ ಇದೆ ಅಪ್ಪಾ!" ಎಂದು ಅವಳು. ಅವಳು ಆಯ್ತು ಎಂದ ಟೈಲು ಒಂದೂ ಬಿದ್ದದ್ದಿಲ್ಲ. ಅವಳ ಪಕ್ಕದಲ್ಲಿ ಕೂರಿಸಿದಲ್ಲೇ ಕೂತಿರುತ್ತಿದ್ದ ಅವನಿಗೆ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇದ್ದಂತೆ ಕಾಣುತ್ತಿರಲಿಲ್ಲ.

ಈ ಅಂಟಿಗೆ ಬೇಕಾದದ್ದು ಒಣಗಿದ ಬೆನ್ನು. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ: ಟೈಲುಗಳನ್ನು ನೆನೆಸಬೇಡಿ. ಹದಿನೈದು ವರ್ಷದಿಂದ ಅವನೇ ಹೊಸ ಕೆಲಸಗಾರರಿಗೆಲ್ಲ ಈ ಮಾತನ್ನು ತಲೆಗೆ ಮೊಟಕಿ ಮೊಟಕಿ ಹೇಳಿದ್ದಾನೆ. ಅವತ್ತೂ ಹೇಳಲು ಬಾಯಿ ತೆರೆದಿದ್ದ. ಅಕ್ಕ ತಲೆಯೆತ್ತಿ ನೋಡುತ್ತಿದ್ದಳು. ಆ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದೆ ಇದ್ದದ್ದೊಂದು ಕಂಡಿತು. ಅವನು ತೆರೆದ ಬಾಯಿಂದ, "ಚೆನ್ನಾಗಿ ನೆನೆಸಿದೀಯ ಅಕ್ಕಾ," ಎಂದುಬಿಟ್ಟ. ಒಂದೊಂದು ಟೈಲನ್ನೂ ಬಟ್ಟೆಯಲ್ಲಿ ಎರಡೆರಡು ಸಲ ಒರೆಸಿದ. ಒರೆಸಿದ್ದು ಒಣಗಿದ ಹಾಗೇ ಎಂದು ತನಗೆ ತಾನೇ ಹೇಳಿಕೊಂಡ. ಬಟ್ಟೆ ಒರೆಸುವುದು ಚರ್ಮವನ್ನು, ಹೊಟ್ಟೆಯೊಳಗಿನ ನೀರನ್ನಲ್ಲ ಎಂದು ಗೊತ್ತಿಲ್ಲದವನೇ ಅವನು? ದಿನವಿಡೀ ಅಕ್ಕ ಒಂದೊಂದಾಗಿ ಎತ್ತಿ ಕೊಟ್ಟಳು, ಅವನು ಅಂಟಿಸಿದ. ಅಪ್ಪ ಕೋಪದಲ್ಲಿ ಕರಣೆ ಎಸೆದು ಆಮೇಲೆ ತಾನೇ ಹುಡುಕುತ್ತಿದ್ದ ಕಥೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಚಿನ ವರ್ಷಗಳಲ್ಲಿ ಅಷ್ಟು ಸುಖವಾದ ದಿನ ಅವನಿಗೆ ಇನ್ನೊಂದು ನೆನಪಿಲ್ಲ.

ಕಂಪನಿಯವನು ಹತ್ತೂಕಾಲಿಗೆ ಬಂದ. ನಲವತ್ತು ದಾಟಿದ, ಬೆವರುತ್ತಿದ್ದ, ಸಭ್ಯ ಮನುಷ್ಯ. ಕೈಯಲ್ಲಿ ಒಂದು ಫಾರಂ, ಜೇಬಿನಲ್ಲಿ ಪುಟ್ಟ ಸುತ್ತಿಗೆ. ಚಪ್ಪಲಿ ಬಿಟ್ಟು ಬಂದದ್ದು ಅವನಿಗೆ ಹಿಡಿಸಿತು, ಹಿಡಿಸಬಾರದಿತ್ತು ಎಂದೂ ಅನ್ನಿಸಿತು. ಕಂಪನಿಯವನು ಗೋಡೆಗಳನ್ನು ಒಂದೊಂದಾಗಿ ತಟ್ಟಿದ. ಎಡಗಡೆಯದು, ಬಲಗಡೆಯದು ಎರಡೂ ಗಟ್ಟಿಯಾಗಿ ಟಣ್ಣೆಂದವು. ಕಿಟಕಿಯ ಕೆಳಗೆ ಉಳಿದಿದ್ದ ಟೈಲುಗಳನ್ನು ತಟ್ಟಿದಾಗ ಖಾಲಿ ಡಬ್ಬಿ ಬಡಿದ ಸದ್ದು. ಆ ಒಂದೊಂದು ಏಟೂ ಅವನ ಬೆನ್ನ ಮೂಳೆಗೆ ಬಿದ್ದ ಹಾಗಾಯಿತು.

"ಮೇಸ್ತ್ರಿ, ತಪ್ಪು ತಿಳ್ಕೋಬೇಡಿ," ಎಂದ ಕಂಪನಿಯವನು. "ಕೆಲಸ ನೀಟಾಗಿದೆ. ಒಂದೇ ಕೈ, ಒಂದೇ ಗಮ್. ಎರಡು ಗೋಡೆ ಬಂಡೆ ಥರ ಕೂತಿದೆ. ಇದೊಂದೇ ಯಾಕೆ ಬಿಡ್ತು? ಇದಕ್ಕೆ ಹಾಕಿದ ಟೈಲ್ಸ್ ನೆನೆಸಿದ್ರಾ?"

ಬಾಗಿಲಲ್ಲಿ ಅಕ್ಕನ ಮಗ, ಅವನ ಹಿಂದೆ ಸೊಸೆ. ಅವರ ಹಿಂದೆ ಓಣಿಯಲ್ಲಿ ಪಟ್ಟಿ ಕಟ್ಟಿದ ಕಾಲು ಎಳೆಯುವ ಸದ್ದು ಹತ್ತಿರವಾಗುತ್ತಿತ್ತು. ಆ ಸದ್ದು ಬಾಗಿಲು ಮುಟ್ಟುವ ಮೊದಲೇ ಮುಗಿಸಬೇಕೆಂದು ಅವನು ಅವಸರದಲ್ಲಿ ಹೇಳಿದ: "ಹೂಂ. ನಾನೇ ನೆನೆಸ್ದೆ. ಹಳೇ ಅಭ್ಯಾಸ, ಕೈ ತಪ್ಪಿ ಆಗೋಯ್ತು."

ಅಕ್ಕನ ಮಗ ಕಾಲ್ಬೆರಳು ನೋಡಿಕೊಂಡ. "ಪರವಾಗಿಲ್ಲ ಬಿಡಿ ಮಾವ," ಎಂದ. ಆ ಪರವಾಗಿಲ್ಲದಲ್ಲಿ ಅವನ ಮೂವತ್ತೈದು ವರ್ಷ ಕುಸಿದು ಒಂದು ಮುದಿ ಕೈಯಾಯಿತು. ಆಗಲಿ ಎಂದುಕೊಂಡ. ತನ್ನದು ಹೋದರೆ ಹೋಗಲಿ. ಇದು ಅಕ್ಕನ ಮೇಲೆ ಬಂದರೆ ಅವಳ ಕೈಯಿಂದ ಉಳಿದಿರುವ ಒಂದೆರಡು ಕೆಲಸವನ್ನೂ ಈ ಒಳ್ಳೆಯ ಜನ ಮೆಲ್ಲಗೆ, ನಗುನಗುತ್ತಾ ಕಿತ್ತುಕೊಳ್ಳುತ್ತಾರೆ. ಅವಳು ತೊಳೆದಿಟ್ಟ ಪಾತ್ರೆಗಳನ್ನು ಸೊಸೆ ಸದ್ದಾಗದಂತೆ ಮತ್ತೆ ತೊಳೆಯುವುದನ್ನು ಅವನೇ ಕಣ್ಣಾರೆ ಕಂಡಿದ್ದ. ಅವಳು ಮಡಿಚಿಟ್ಟ ಬಟ್ಟೆ ಬಿಡಿಸಿ ಮತ್ತೆ ಮಡಿಚುವುದನ್ನೂ ಕಂಡಿದ್ದ. ಹನ್ನೊಂದನೇ ವಯಸ್ಸಿಗೆ ಮನೆ ನಡೆಸಿದವಳನ್ನು ಗಾಜಿನ ಬೊಂಬೆ ಮಾಡಿ ಕೂರಿಸಿದ್ದಾರಲ್ಲ ಎಂದು ಎಷ್ಟು ಸಲ ಹೊಟ್ಟೆ ಉರಿದುಕೊಂಡಿಲ್ಲ?

"ಏ, ಯಾವಾಗ ನೆನೆಸ್ದೆ ನೀನು?" ಅಕ್ಕ ಮಗನನ್ನೂ ಸೊಸೆಯನ್ನೂ ಎರಡು ಕೈಯಿಂದ ಸರಿಸಿಕೊಂಡು ಬಾಗಿಲಿಗೆ ಬಂದಳು. "ನೆನೆಸಿದ್ದು ನಾನು."

"ಇಲ್ಲ ಅಕ್ಕಾ, ನಾನು."

"ನೀನು ಬರೋ ಹೊತ್ತಿಗೆ ಗುಳ್ಳೆನೇ ನಿಂತುಹೋಗಿತ್ತಲ್ಲೋ!"

"ಆಮೇಲೆ ನಾನು ಮತ್ತೆ ನೆನೆಸ್ದೆ."

"ನೆನೆದಿದ್ದನ್ನ ನೆನೆಸ್ದೆಯಾ? ಸುಳ್ಳಾದ್ರೂ ಸ್ವಲ್ಪ ನೀಟಾಗಿ ಹೇಳು."

ಕಂಪನಿಯವನು ಪೆನ್ನು ಎತ್ತಿ ಹಿಡಿದು ಒಮ್ಮೆ ಇವನನ್ನು, ಒಮ್ಮೆ ಅವಳನ್ನು ನೋಡಿದ. "ಇಲ್ಲಿ ಒಂದೇ ಜಾಗ ಇದೆ. ಯಾರು ಅಂತ ಬರ್ಕೊಳ್ಲಿ?"

"ಅತ್ತೆ, ಯಾರಾದ್ರೂ ಆಗ್ಲಿ, ಪರವಾಗಿಲ್ಲ. ಬನ್ನಿ, ಕೂತ್ಕೊಳ್ಳಿ, ಕಾಲು ನೋವಾಗುತ್ತೆ," ಎಂದಳು ಸೊಸೆ.

ಅಕ್ಕ ಕೂರಲಿಲ್ಲ. ಕಂಪನಿಯವನ ಕಡೆಗೆ ತಿರುಗಿ, "ನೆನೆಸಿದ್ರೆ ಏನಾಗುತ್ತಪ್ಪಾ? ನಮ್ಮಪ್ಪನ ಕಾಲದಲ್ಲಿ ನೆನೆಸದೆ ಇದ್ರೆ ಬೀಳ್ತಿತ್ತು," ಎಂದಳು. ಆ ಮನುಷ್ಯನಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲವೋ ಏನೋ, ಮುಖ ಅರಳಿತು. ಬಿದ್ದ ಟೈಲೊಂದನ್ನು ಅವಳ ಕೈಗೆ ಕೊಟ್ಟು, ಬೆನ್ನಿನ ಸಣ್ಣ ರಂಧ್ರಗಳನ್ನು ತೋರಿಸಿ, ಗಮ್ ಈ ರಂಧ್ರಗಳ ಒಳಗೆ ಬೇರು ಬಿಡಬೇಕು, ಅಲ್ಲಿ ಮೊದಲೇ ನೀರು ಕೂತಿದ್ದರೆ ಅದಕ್ಕೆ ಜಾಗ ಇರುವುದಿಲ್ಲ ಎಂದು ವಿವರಿಸಿದ. ಅಕ್ಕ ಕತ್ತು ವಾಲಿಸಿ ಕೇಳಿದಳು. ಎರಡು ಪ್ರಶ್ನೆ ಕೇಳಿದಳು, ಎರಡೂ ಸರಿಯಾದ ಪ್ರಶ್ನೆ. "ಗೊತ್ತಿರ್ಲಿಲ್ಲ ನೋಡು. ನನ್ನ ತಪ್ಪೇ. ನನ್ನ ಹೆಸರೇ ಬರ್ಕೋ," ಎಂದಳು. ಹೇಳುವಾಗ ಅವಳ ದನಿಯಲ್ಲಿ ಸಂಕೋಚವಿರಲಿಲ್ಲ. ಅವನಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಯಾಕೋ ಭಯವಾಯಿತು, ಯಾಕೆಂದರೆ ಅವಳು ಅಷ್ಟು ಹೊತ್ತೂ ಅವನ ಕಡೆ ಒಂದು ಸಲವೂ ನೋಡಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಕಿಟಕಿಯ ಕೆಳಗೆ ಉಳಿದಿದ್ದ ಟೈಲುಗಳನ್ನು ಬಿಡಿಸತೊಡಗಿದ. ಬಿಡಿಸುವುದೇನು, ಕರಣೆಯ ತುದಿ ತಾಗಿಸಿದರೆ ಸಾಕು, ಕೈಗೇ ಬರುತ್ತಿದ್ದವು. ಅಕ್ಕ ಬಕೆಟ್ಟೊಂದನ್ನು ಮಗುಚಿ ಹಾಕಿ ಅದರ ಮೇಲೆ ಕೂತಳು. ಬೇರೆ ದಿನವಾದರೆ ಅಷ್ಟು ಹೊತ್ತಿಗೆ ಅವಳು ನೆರೆಮನೆಯವರ ಜಾತಕವನ್ನೆಲ್ಲ ಬಿಚ್ಚಿ ಹರವಿರುತ್ತಿದ್ದಳು. ಅವನು ಬಿಡಿಸಿದ ಟೈಲನ್ನು ಕೊಟ್ಟರೆ ತೆಗೆದುಕೊಂಡು ಪಕ್ಕಕ್ಕೆ ಇಡುವಳು, ಮತ್ತೆ ಕೈ ಚಾಚುವಳು. ಹಾಗೇ ಆರೇಳು ಆದವು.

"ಮಾರನೇ ದಿನ ಏಳು ಗಂಟೆಗೇ ಬಂದೆ ಅಲ್ವಾ ನೀನು?" ಎಂದಳು.

ಅವನ ಕೈ ನಿಂತಿತು.

"ಮೊದಲ ದಿನ ಒಂಬತ್ತಕ್ಕೆ ಬಂದವನು ಮಾರನೇ ದಿನ ಏಳಕ್ಕೆ ಬಂದೆ. ಹಿಂದಿನ ದಿನದ ಸುಸ್ತಿಗೆ ನಾನು ತಡವಾಗಿ ಎದ್ದು ಮುಖ ತೊಳೆಯೋ ಹೊತ್ತಿಗೆ ಡಬ್ಬ ಒಡೆದು ಅಂಟಿಸ್ತಾ ಇದ್ದೆ. ಪಾಪ, ನನಗೆ ತ್ರಾಸ ಆಗ್ಬಾರ್ದು ಅಂತ ಬೇಗ ಬಂದಿದಾನೆ ಅಂದ್ಕೊಂಡಿದ್ದೆ. ಈ ಎರಡು ಗೋಡೆ ಗಟ್ಟಿ ಇದೆ ಅಂತ ಆ ಮನುಷ್ಯ ಅಂದಾಗ ತಿಳೀತು ನನಗೆ. ನಿನಗೆ ಗೊತ್ತಿತ್ತು."

"ಅಕ್ಕಾ, ನೀನು ಅಷ್ಟು ಖುಷಿಯಾಗಿ..."

"ಇಡೀ ದಿನ ನನ್ನ ಜೊತೆ ನಕ್ಕೊಂಡು, ಬೀಳೋ ಗೋಡೆ ಕಟ್ಟಿದೆ." ಅವಳ ದನಿ ಏರಲಿಲ್ಲ. "ಈ ಮನೇಲಿ ನನ್ನನ್ನ ಯಾರೂ ತಪ್ಪು ಅನ್ನಲ್ಲ ಗುಂಡು. ತೊಳೆದ ಪಾತ್ರೆ ಮತ್ತೆ ತೊಳೀತಾಳೆ, ನನಗೆ ಕೇಳಿಸಲ್ಲ ಅಂದ್ಕೊಂಡಿದಾಳೆ. ಒಳ್ಳೇ ಹುಡುಗಿ. ಕೆಟ್ಟವಳಾಗಿದ್ರೆ ಜಗಳ ಆಡಿ ಹಗುರ ಆಗ್ತಿದ್ದೆ. ಏನು ಮಾಡಿದ್ರೂ ಪರವಾಗಿಲ್ಲ, ಪರವಾಗಿಲ್ಲ. ಲೆಕ್ಕಕ್ಕೇ ಇಲ್ಲದೋರಿಗೆ ಹೇಳೋ ಮಾತು ಅದು. ನೀನೊಬ್ಬ ಬಂದ್ರೆ 'ಏ, ಅದು ಹಾಗಲ್ಲ' ಅಂತೀಯ ಅಂತ ನಿನ್ನ ದಾರಿ ಕಾಯ್ತಿದ್ದೆ." ಅವಳು ಕಾಲಿನ ಪಟ್ಟಿಯ ಅಂಚನ್ನು ಬೆರಳಿನಿಂದ ಸರಿ ಮಾಡಿಕೊಂಡಳು. "ಟೈಲ್ಸ್ ಬಿದ್ದಿದ್ದು ಬರೀ ಕಾಲಿನ ಮೇಲೆ ಕಣೋ."

ಅವನಿಗೆ ನಾಚಿಕೆಯಾಯಿತು, ಕಂಪನಿಯವನ ಎದುರಿಗಾದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಸೊಸೆ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ಪಾತ್ರೆ ತೊಳೆಯುವುದೂ, ತಾನು ಆ ಮಾರನೇ ದಿನ ಬೆಳಗ್ಗೆ ಏಳಕ್ಕೆ ಗೇಟಿನ ಚಿಲಕ ಸದ್ದಾಗದಂತೆ ತೆಗೆದದ್ದೂ ಒಂದೇ ಕೆಲಸವೆಂದು ಈಗ ಕಂಡಿತು. ಅವನು ಅಕ್ಕನನ್ನು ಪ್ರೀತಿಸುತ್ತಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಟಬ್ಬಿನ ಮುಂದೆ ಅವಳನ್ನು ನೋಡಿ ಅವನಿಗೆ ಬಂದದ್ದು ಕನಿಕರ. ಕನಿಕರ ಬಂದ ಗಳಿಗೆಯಲ್ಲೇ ಅವಳು ಅವನ ಅಕ್ಕನಾಗಿರುವುದನ್ನು ಬಿಟ್ಟು ಒಬ್ಬ ಮುದುಕಿಯಾಗಿಬಿಟ್ಟಿದ್ದಳು.

"ತಪ್ಪಾಯ್ತು ಅಕ್ಕಾ."

"ತಪ್ಪಾಯ್ತು ಅಂದ್ರೆ ಗಮ್ ಹಿಡಿಯುತ್ತಾ?" ಎಂದಳು. ನಗಲಿಲ್ಲ. ಎದ್ದು, ಗೋಡೆ ಹಿಡಿದುಕೊಂಡು, ತನ್ನ ಕೋಣೆಗೆ ಹೋದಳು.

ಭಾನುವಾರ ಅವನು ಮತ್ತೆ ಬಂದ. ಬೇಗ ಎಚ್ಚರವಾದರೂ ಹೊರಡಲಿಲ್ಲ. ಒಂಬತ್ತಕ್ಕೇ ಮುಟ್ಟಬೇಕೆಂದು ದಾರಿಯ ಅಂಗಡಿಯೊಂದರ ಮುಂದೆ ಸುಮ್ಮನೆ ನಿಂತು ಹೊತ್ತು ಕಳೆದ. ಹಿತ್ತಿಲಿಗೆ ಇಣುಕಿದ. ನೀಲಿ ಟಬ್ಬನ್ನು ಗೋಡೆಗೆ ಬೋರಲಾಗಿ ಒರಗಿಸಿದ್ದರು, ಸ್ಟೂಲು ಕಾಣಲಿಲ್ಲ. ಅಕ್ಕನ ಕೋಣೆಯ ಬಾಗಿಲು ಮುಚ್ಚಿತ್ತು. "ಅತ್ತೆ ಮಲಗಿದಾರೆ ಅನ್ಸುತ್ತೆ, ಎಬ್ಬಿಸ್ಲಾ?" ಎಂದಳು ಸೊಸೆ. ಬೇಡವೆಂದ. ಹಳೆಯ ಗೆರೆಗಳನ್ನೆಲ್ಲ ಮೊನ್ನೆಯೇ ಕೆರೆದಾಗಿತ್ತು. ಹೊಸ ಟೈಲುಗಳ ಡಬ್ಬ ಒಡೆದು ಒಂದೊಂದರ ಬೆನ್ನಿನ ಬಿಳಿ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿದ, ಅಂಟು ಕಲಸಿದ. ಕೆಲಸ ಶುರು ಮಾಡದೆ ಕಲಸುತ್ತಲೇ ಇದ್ದ. ಅವಳು ಬರದೇ ಹೋದರೆ? ಬರದೇ ಹೋದರೆ ಈ ಗೋಡೆ ಎಷ್ಟು ಗಟ್ಟಿಯಾಗಿ ನಿಂತರೂ ಏನು ಪ್ರಯೋಜನ ಎಂದು ಅವನು ಬಾಗಿಲ ಕಡೆ ನೋಡಿದ. ಆಗ ಕಾಲೆಳೆಯುವ ಸದ್ದು ಕೇಳಿಸಿತು. ಅಕ್ಕ ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ ಎರಡೂ ಅಂಗೈ ಮುಂದೆ ಹಿಡಿದಳು.

"ಒಣಗಿದೆ. ನೋಡ್ಕೋ."

ಅವನು ನೋಡಿದ. ನಿಜವಾಗಿಯೂ ಮುಟ್ಟಿ ನೋಡಿದ. "ಹೂಂ, ಬಾ," ಎಂದ. ಆಮೇಲೆ ಅವಳಿಗೆ ಅಂಟಿನ ಪೊರೆಯ ವಿಷಯ ಹೇಳಿದ: ಗೋಡೆಗೆ ಬಳಿದದ್ದನ್ನು ಆಗಾಗ ಬೆರಳಿಂದ ಒತ್ತಿ ನೋಡಬೇಕು, ಬೆರಳಿಗೆ ಹತ್ತಿದರೆ ಸರಿ, ಹತ್ತದೆ ಬೆರಳು ಚೊಕ್ಕಟವಾಗಿ ಬಂದರೆ ಅದು ಸತ್ತಿತು ಎಂದು ಅರ್ಥ, ಕೆರೆದು ಎಸೆಯಬೇಕು. "ಗುಳ್ಳೆ ನೋಡಿದ ಹಾಗೇ," ಎಂದಳು ಅಕ್ಕ, ಬಕೆಟ್ಟಿನ ಮೇಲೆ ಕೂತು. ಕೆಲಸ ಸಾಗಿತು. ಒಂದು ಸಾಲು, ಎರಡು ಸಾಲು. ನಡುವೆ ಅವಳು ನೀರು ಕುಡಿದು ಬಂದು, ಲೋಟ ತೊಳೆದ ಕೈಯಲ್ಲೇ ಟೈಲು ಎತ್ತಿಕೊಂಡಳು. ಅವನು ಕಂಡ. ಹೋಗಲಿ ಬಿಡು, ಒರೆಸಿದರಾಯಿತು ಎಂದು ಒಳಗಿನಿಂದ ಹಳೆಯ ದನಿ ಹೇಳಿತು. ಅವನು ಆ ದನಿಯನ್ನು ನುಂಗಿಕೊಂಡ.

"ಅಕ್ಕಾ! ಒದ್ದೆ ಕೈ! ಇಡು ಕೆಳಗೆ!"

ಕೂಗು ತುಸು ಜೋರೇ ಆಯಿತು. ಸೊಸೆ ಗಾಬರಿಯಿಂದ ಓಡಿಬಂದಳು. ಅಕ್ಕ ಟೈಲನ್ನು ಕೆಳಗಿಟ್ಟು, ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ, ಸೊಸೆಯ ಕಡೆ ತಿರುಗಿ, "ನಮ್ಮಪ್ಪನ ಹಾಗೇ ಕೂಗ್ತಾನೆ ನೋಡು," ಎಂದಳು. ಹೇಳುವಾಗ ಅವಳ ಗಲ್ಲ ಮೇಲಾಗಿತ್ತು. ಸೊಸೆ ಏನೂ ಅರ್ಥವಾಗದೆ ಚಹಾ ತರುತ್ತೇನೆಂದು ಹೋದಳು, ತಂದೂ ಕೊಟ್ಟಳು. ಚಹಾ ಕುಡಿಯುತ್ತ ಅವಳಿಗೂ ಕರಣೆ ಎಸೆದ ಅಪ್ಪನ ಕಥೆ ಹೇಳಬೇಕಾಯಿತು. ಅವಳು ಬಾಗಿಲಿಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿಯದೆ, ಜೋರಾಗಿ ನಕ್ಕಳು.

ಲೋಟ ಕೆಳಗಿಟ್ಟು ಅವನು ಟೈಲು ಎತ್ತಿಕೊಂಡ. ಚಹಾಕ್ಕೆ ಮುಂಚೆಯೇ ಕಿಟಕಿಯ ಕೆಳಗೆ ಉಳಿದಿದ್ದ ಇಡೀ ಭಾಗಕ್ಕೆ ಅಂಟು ಬಳಿದಿದ್ದ, ಸಾಲು ಗೆರೆಗಳು ನೋಡಲು ಚೆಂದವಾಗಿದ್ದವು. ಮಂಡಿ ಹಿಡಿದುಕೊಂಡಿತ್ತು, ಬೇಗ ಮುಗಿಸಿದರೆ ಸಾಕಿತ್ತು. ಅಕ್ಕ ಬಗ್ಗಿ ಗೋಡೆಗೆ ಬೆರಳು ಒತ್ತಿದಳು. ತೆಗೆದು ತುದಿ ನೋಡಿಕೊಂಡಳು, ಆಮೇಲೆ ಆ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಅವನ ಮುಖವನ್ನೇ ನೋಡಿದಳು.

"ಹೇಳ್ಲಾ, ಬೇಡ್ವಾ?"

ಅವನು ಟೈಲು ಹಿಡಿದುಕೊಂಡು ನಿಂತೇ ಇದ್ದ. ಕಣ್ಣು ಮಂಜಾಯಿತು, ನಗುವೂ ಬಂತು.

"ಹೇಳು."

"ಸತ್ತಿದೆ ಕಣೋ. ಎಲ್ಲಾ ಕೆರೆದು ತೆಗಿ."

ಅವನು ಟೈಲನ್ನು ಕೆಳಗಿಟ್ಟು, ಕರಣೆ ಎತ್ತಿಕೊಂಡು, ಮೇಲಿನಿಂದ ಕೆರೆಯಲು ಶುರು ಮಾಡಿದ. ಅಕ್ಕ ಬಕೆಟ್ಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಆ ಮೂಲೇಲೂ," ಎಂದಳು.